ಎಂಟು ಸಾಕು ಅಂದವಳು ನಾನು

ನಮ್ಮ ಮನೆ ಕಟ್ಟಿದ ಗೌಂಡಿ ಗೊಲ್ಲಾಳಪ್ಪನ ಜೊತೆ ಈ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಜಗಳವಾಡದ ವಿಷಯ ಯಾವುದೂ ಉಳಿದಿಲ್ಲ. ಗೋಡೆಗೆ ನೀರು ಹೊಡೆಯುವುದಕ್ಕೆ ಜಗಳ, ಬಾಗಿಲು ಯಾವ ಕಡೆ ತೆರೆಯಬೇಕು ಎಂಬುದಕ್ಕೆ ಜಗಳ, ಅವನು ಚಹಾಕ್ಕೆ ಕೇಳುವ ಮೂರು ಚಮಚ ಸಕ್ಕರೆಗೂ ಜಗಳ. ಎಲ್ಲಕ್ಕಿಂತ ದೊಡ್ಡದು ಪಾಯದ ಜಗಳ. ಮಲ್ಕಾಜಗಿರಿಯಲ್ಲಿ ಜಾಗ ತೆಗೆದುಕೊಂಡು ಒಂದೇ ಅಂತಸ್ತಿನ ಮನೆಗೆ ನಕ್ಷೆ ಮಾಡಿಸಿದ್ದೆವು. ಪಾಯ ತೋಡುತ್ತಿದ್ದಾಗ ಇವನು ಬಂದು, "ಮಣ್ಣು ಸಡಲ ಐತ್ರಿ ಅಕ್ಕಾರ, ಇನ್ನಷ್ಟು ಆಳ ಹೋಗಬೇಕು, ಕಬ್ಬಿಣ ಹೆಚ್ಚಿಗಿ ಬೇಕು" ಎಂದ. ನಾನು ಬೇಗಂಪೇಟೆಯ ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದವಳು, ಗುತ್ತಿಗೆದಾರರ ಆಟ ಎಲ್ಲ ನೋಡಿದವಳು. "ನಮ್ಮ ಕಬ್ಬಿಣ ಯಾರ ಮನಿಗೆ ಹೊಂಟದ?" ಎಂದು ಕೇಳಿಯೇ ಬಿಟ್ಟೆ. ಅವನು ಮುಖ ಕೆಳಗೆ ಹಾಕಿ ನಿಂತ. ಕೊನೆಗೆ ಗೊಣಗುತ್ತಲೇ ಕಬ್ಬಿಣ ತರಿಸಿಕೊಟ್ಟೆವು.

ಹತ್ತು ವರ್ಷದ ಮೇಲೆ ಮಾಳಿಗೆ ಎಬ್ಬಿಸಬೇಕೆಂದಾಗ ಎಂಜಿನಿಯರ್ ಬಂದು ಒಂದು ಮೂಲೆ ತೋಡಿಸಿ ನೋಡಿ, "ಪಾಯ ಗಟ್ಟಿ ಇದೆ, ಧೈರ್ಯವಾಗಿ ಕಟ್ಟಿ" ಎಂದರು. ನಮ್ಮವರು, ಅಂದರೆ ನನ್ನ ಗಂಡ ಪ್ರಹ್ಲಾದ, ಅಂದಿನಿಂದ ಬಂದವರಿಗೆಲ್ಲ ತಮ್ಮ ದೂರದೃಷ್ಟಿಯ ಕಥೆ ಹೇಳಿದ್ದೇ ಹೇಳಿದ್ದು. ನಾನೂ ತಲೆಯಾಡಿಸುತ್ತಿದ್ದೆ.

ಗೊಲ್ಲಾಳಪ್ಪ ಸಿಂದಗಿ ಕಡೆಯವನು. ಪಟಾನ್‌ಚೆರುವಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಬಂಡೆಮ್ಮ ಅಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಗುಳಿಗೆ ಡಬ್ಬಿಗೆ ತುಂಬುತ್ತಾಳೆ. ಒಬ್ಬಳೇ ಮಗಳು ಭಾಗ್ಯಶ್ರೀ, ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗಿ. ಅಪ್ಪ ಕೈಯಲ್ಲಿ ಕಟ್ಟುವುದನ್ನು ಈಕೆ ಕಂಪ್ಯೂಟರಿನಲ್ಲಿ ಕಟ್ಟಲು ಕಲಿತಿದ್ದಳು. ನನ್ನ ಅಕ್ಕನ ಮಗ ಅಮೋಲ್ ತನ್ನ ಟ್ಯೂಷನ್ ಕ್ಲಾಸು ಮುಚ್ಚಿದಾಗ ಒಂದೇ ಥರದ ಎರಡು ಕಂಪ್ಯೂಟರು ನಮ್ಮಲ್ಲಿ ತಂದಿಟ್ಟಿದ್ದ. ಒಂದನ್ನು ನಾನು ಇಟ್ಟುಕೊಂಡು ಇನ್ನೊಂದನ್ನು ಆ ಹುಡುಗಿಗೆ ಕೊಟ್ಟೆ. ಚೆನ್ನಾಗಿರುವುದನ್ನು ಇಟ್ಟುಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ನನ್ನದರಲ್ಲಿ ಮೆಮೊರಿ ಎಂಟು ಜಿಬಿ ಇತ್ತು, ಅವಳದರಲ್ಲಿ ನಾಲ್ಕು.

ಹೋದ ವರ್ಷ ದಸರೆ ಮುಗಿದ ಮೇಲೆ ಮಾದಾಪುರದ ಒಂದು ಸಣ್ಣ ಕಚೇರಿಯವರು ಅವಳಿಗೆ ಪರೀಕ್ಷೆ ಕೊಟ್ಟರು. ಐದು ಮಹಡಿಯ ಆಸ್ಪತ್ರೆಯೊಂದನ್ನು ಗೋಡೆ, ಕಂಬ, ನೀರಿನ ಪೈಪುಗಳ ಸಮೇತ ಕಂಪ್ಯೂಟರಿನಲ್ಲಿ ಎಬ್ಬಿಸಿ, ಹತ್ತನೇ ದಿನ ಭಾನುವಾರ ಸಂಜೆ ಆರರೊಳಗೆ ಕಳಿಸಬೇಕು. ಪಾಸಾದರೆ ಕೆಲಸ. ಆಗದಿದ್ದರೆ ಒಂದನೇ ತಾರೀಖಿನಿಂದ ತಾಯಿಯ ಪಕ್ಕದಲ್ಲಿ ನಿಂತು ಗುಳಿಗೆ ತುಂಬುವುದು. ಬಂಡೆಮ್ಮ ಆಗಲೇ ಅಲ್ಲಿ ಮಾತಾಡಿಯೂ ಇಟ್ಟಿದ್ದಳು.

ಮೂರನೇ ದಿನ ಗೊಲ್ಲಾಳಪ್ಪ ನಮ್ಮ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಟವೆಲ್ಲು ಮಡಚುತ್ತ, ಬಿಚ್ಚುತ್ತ ಇದ್ದ.

"ಎರಡು ಮಹಡಿ ತನಕ ಏಳತೈತ್ರಿ. ಆಮ್ಯಾಲ ಸುಮ್ನ ನಿಂತು ಬಿಡತೈತಿ. ಮೆಮೊರಿ ಕಡಿಮಿ ಅಂತಾಳ ಹುಡುಗಿ. ಎಷ್ಟು ಹಾಕಿಸಬೇಕು ಅಕ್ಕಾರ?"

"ನಂದು ಎಂಟು ಅದ. ಭೇಷ್ ನಡೀತದ. ಎಂಟು ಹಾಕ್ಸು."

ಇಷ್ಟೇ. ಯೋಚನೆ ಇಲ್ಲ, ವಿಚಾರಣೆ ಇಲ್ಲ. ನಾನು ಆ ಎಂಟರಲ್ಲಿ ಮಾಡುತ್ತಿದ್ದುದೇನು? ದಾಸರ ಪದ ಕೇಳುವುದು, ಕರೆಂಟ್ ಬಿಲ್ಲು ಕಟ್ಟುವುದು, ಕಲಬುರಗಿಯ ತಂಗಿಯ ಜೊತೆ ವಿಡಿಯೊದಲ್ಲಿ ಹರಟುವುದು. ಐದು ಮಹಡಿಯ ಆಸ್ಪತ್ರೆ ನನ್ನ ಕಂಪ್ಯೂಟರಿನೊಳಗೆ ಎಂದೂ ಕಾಲಿಟ್ಟಿರಲಿಲ್ಲ.

ಅವನು ಹೋಗಲಿಲ್ಲ. "ಆ ಔಷಧಿ ವಾಸನಿ ನನ್ನ ಮಗಳ ಬಟ್ಟಿಗಿ ಹತ್ತಬಾರದು ಅಕ್ಕಾರ. ಅಷ್ಟಽ ನೋಡ್ರಿ ನಂದು. ಬಂಡೆಮ್ಮ ಎಷ್ಟು ಸೋಪು ಹಚ್ಚಿ ತೊಳೆದ್ರೂ ಹೋಗಂಗಿಲ್ಲ ಅದು" ಎಂದ. ನಾಳೆ ಅಂಗಡಿಗೆ ನೀವೂ ಬರಬೇಕು, ಅವರು ಮಾತಾಡುವುದು ನನಗೆ ತಿಳಿಯುವುದಿಲ್ಲ ಎಂದು ಕೈಮುಗಿದ.

ಮರುದಿನ ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿಗೆ ಅಪ್ಪ, ಮಗಳು, ನಾನು ಮೂವರೂ ಹೋದೆವು. ಅಂಗಡಿಯವನು ನಾವು ಒಯ್ದಿದ್ದ ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿ ತೋರಿಸಿದ. ಮೆಮೊರಿ ಎಂದರೆ ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ. ಅದನ್ನು ಚುಚ್ಚಲು ಎರಡು ಸಂದುಗಳಿದ್ದವು. ಒಂದರಲ್ಲಿ ಹಳೆಯ ನಾಲ್ಕು ಕೂತಿತ್ತು, ಇನ್ನೊಂದು ಖಾಲಿ. "ಅಪ್ಪಾ, ಇದು ಸಾಮಾನು ಇಡೋ ಕಪಾಟ ಅಲ್ಲ. ಕೆಲಸ ಮಾಡೋವಾಗ ಹರವಿಕೊಳ್ಳೋ ಜಾಗ. ಜಾಗ ಸಾಲಲಿಲ್ಲಂದ್ರ ಕೆಲಸ ನಿಂತಽ ಹೋಗತೈತಿ" ಎಂದು ಭಾಗ್ಯಶ್ರೀ ಬಿಡಿಸಿ ಹೇಳಿದಳು.

ಹುಡುಗಿ ಮಾಡುವ ಕೆಲಸ ಕೇಳಿಕೊಂಡು ಅಂಗಡಿಯವನು ಹಿಂದಿಯಲ್ಲಿ, ಹದಿನಾರು ಹಾಕಿಸಿ ಅಮ್ಮಾ ಎಂದ. ನನಗೆ ಪಿತ್ತ ನೆತ್ತಿಗೇರಿತು. ಈ ವರ್ಷ ಈ ಪಟ್ಟಿಗಳ ಬೆಲೆ ಬಂಗಾರದ ಥರ ಏರಿದೆ, ಇವನು ಬಡವರ ತಲೆಗೆ ಕಟ್ಟಲು ನೋಡುತ್ತಿದ್ದಾನೆ ಎಂದುಕೊಂಡೆ. "ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು. ಎಂಟು ಸಾಕು" ಎಂದೆ, ಅಂಗಡಿಯವನಿಗೂ ಇವರಿಗೂ ಸೇರಿಸಿ. ಭಾಗ್ಯಶ್ರೀ ಏನೋ ಹೇಳಲು ಬಾಯಿ ತೆರೆದು ಅಪ್ಪನ ಮುಖ ನೋಡಿದಳು.

ಗೊಲ್ಲಾಳಪ್ಪ ಆ ಪಟ್ಟಿಯನ್ನೇ ನೋಡುತ್ತ, "ಎರಡು ಮಹಡಿಗಿ ನಾಕು ಖರ್ಚಾದ್ರ, ಐದು ಮಹಡಿಗಿ ಎಂಟು ಬರತೈತೇನ್ರಿ ಅಕ್ಕಾರ?" ಎಂದು ಕೇಳಿದ.

"ಅದು ಇಟ್ಟಂಗಿ ಲೆಕ್ಕ ಅಲ್ಲಪ್ಪಾ" ಎಂದೆ.

ಅವನು ಸುಮ್ಮನಾದ. ಆದರೆ ಒಂದು ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ನಾಲ್ಕು ನಾಲ್ಕರ ಎರಡು ಪಟ್ಟಿ ಹಾಕಿದರೆ ಸ್ವಲ್ಪ ಚುರುಕಾಗಿ ಓಡುತ್ತದೆ ಎಂದ ಅಂಗಡಿಯವನು. ನಾನೂ ಹಳೆಯ ನಾಲ್ಕು ಇದ್ದೇ ಇದೆ, ಇನ್ನೊಂದು ನಾಲ್ಕು ಸಾಕು ಎಂದೆ. ಗೊಲ್ಲಾಳಪ್ಪ ಒಪ್ಪಲಿಲ್ಲ. ಎಂಟರದು ಒಂದೇ ಪಟ್ಟಿ ಇರಲಿ, ಹಳೆಯದನ್ನು ಅಂಗಡಿಯವನೇ ಇಟ್ಟುಕೊಂಡು ಬೆಲೆಯಲ್ಲಿ ಮುರಿದುಕೊಳ್ಳಲಿ, ಇನ್ನೊಂದು ಸಂದು ಖಾಲಿ ಬಿಡಬೇಕು ಎಂದು ಹಟ ಹಿಡಿದ. "ಕಂಬದ ಮ್ಯಾಲ ಕಬ್ಬಿಣದ ಸಳಿ ಬಿಟ್ಟಿರ್ತೀವಲ್ರಿ, ಮುಂದ ಏರ್ಸಾಕ. ಹಂಗ ಒಂದು ಜಾಗ ಇರಲಿ. ಹುಡುಗಿ ಇನ್ನೂ ಬೆಳಿಯಾಕತ್ಯಾಳ." ನಾನು ನಕ್ಕೆ. ಗೌಂಡಿಯ ಬುದ್ಧಿ ಎಲ್ಲಿ ಹೋಗುತ್ತದೆ ಎಂದುಕೊಂಡೆ.

ನಾಲ್ಕು ದಿನ ಸುದ್ದಿ ಇರಲಿಲ್ಲ. ನಾನೇ ಫೋನು ಮಾಡಿ ಕೇಳಿದರೆ, ಮೂರನೆಯ ಮಹಡಿ ಎದ್ದಿದೆ, ಸ್ವಲ್ಪ ನಿಧಾನ ಎಂದ. ಆ ನಿಧಾನ ಎಂಬ ಮಾತಿನ ಗುಂಗಿನಲ್ಲೇ ಆ ದಿನ ಸಾರಿಗೆ ಉಪ್ಪು ಎರಡು ಸಲ ಹಾಕಿದೆ.

ಭಾನುವಾರ ಹನ್ನೆರಡಕ್ಕೆ ಫೋನು ಬಂತು. ಬೈಯಲಿಲ್ಲ ಅವನು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಕ್ಕಾರ, ಇವತ್ತು ಕಂಪ್ಯೂಟರ್ ಅಂಗಡಿ ಎಲ್ಲೆರೆ ತೆರೆದಿರ್ತಾವೇನ್ರಿ?" ಎಂದು ಮೆಲ್ಲಗೆ ಕೇಳಿದ. ನಾಲ್ಕನೆಯ ಮಹಡಿ ಹಾಕಿದ ಕೂಡಲೇ ಯಂತ್ರ ನಿಂತುಬಿಡುತ್ತಿತ್ತು. ಬೆಳಗಿನಿಂದ ಆರು ಸಲ ಮಾಡಿದ್ದಳಂತೆ, ಆರೂ ಸಲ ಹಾಗೇ. ಹಿಂದೆ ಹುಡುಗಿ ಬಿಕ್ಕುವುದು ಕೇಳಿಸುತ್ತಿತ್ತು.

ಭಾನುವಾರ ಆ ಬಜಾರು ಪೂರಾ ಬಂದ್. ಎಂಟು ಸಾಕು ಅಂದವಳು ನಾನು. ಅಂಗಡಿಯವನು ಹೇಳಿದ, ಗೌಂಡಿ ಕೇಳಿದ, ಹುಡುಗಿ ಬಾಯಿ ತೆರೆದಳು, ಮೂವರನ್ನೂ ಅಡಗಿಸಿದವಳು ನಾನೇ. ಗುಳಿಗೆ ತುಂಬುವ ಸಾಲಿನಲ್ಲಿ ಆ ಹುಡುಗಿ ನಿಂತಂತೆ ಕಣ್ಣಿಗೆ ಕಟ್ಟಿತು. ದೇವರ ಮನೆಯ ಬಾಗಿಲಲ್ಲಿ ಕೂತುಬಿಟ್ಟೆ.

"ಮಂದಾ, ಹಂಗ ಕೂತ್ರ ಏನಾಗ್ತದ? ಅಮೋಲಗ ಕೇಳು" ಎಂದರು ನಮ್ಮವರು.

ಅಮೋಲನಿಗೆ ವಿಡಿಯೊ ಹಚ್ಚಿದೆ. ಅವನು ಎಲ್ಲ ಕೇಳಿ, "ಮೌಶಿ, ನಿನ್ನದರಾಗ ಎಂಟು ಅದ ಅಲ್ಲ. ಎರಡೂ ಒಂದೇ ಥರದ ಮಷೀನು. ಅದನ್ನ ಕಿತ್ತು ಒಯ್ದು ಅವರ ಖಾಲಿ ಜಾಗಕ್ಕ ಹಾಕು, ಹದಿನಾರು ಆಗ್ತದ" ಎಂದ. ನನಗೆ ಯಾಕೆ ಹೊಳೆಯಲಿಲ್ಲವೋ. ತಂತಿ ಕಿತ್ತೆ, ತಗಡು ಬಿಚ್ಚಿದೆ, ಮೈಯಲ್ಲಿನ ಕರೆಂಟು ಇಳಿಯಲೆಂದು ಅವನು ಹೇಳಿದಂತೆ ಕಿಟಕಿಯ ಕಬ್ಬಿಣ ಮುಟ್ಟಿದೆ, ಎರಡೂ ಕಡೆಯ ಚಿಲಕ ಒತ್ತಿದೆ. ಪಟ್ಟಿ ಕೈಗೆ ಬಂತು. ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟು ಕ್ಯಾಬ್ ಹತ್ತಿದೆ.

ಬೇಗಂಪೇಟೆ ದಾಟುವಷ್ಟರಲ್ಲಿ ಒಂದೂವರೆ. ಕುಕಟ್‌ಪಲ್ಲಿಯಲ್ಲಿ ಗಾಡಿಗಳು ಅಲುಗಲೇ ಇಲ್ಲ. ಡ್ರೈವರನಿಗೆ ತೆಲುಗಿನಲ್ಲಿ ಅವಸರಪಡಿಸಿದೆ, ಹಿಂದಿಯಲ್ಲಿ ಬೇಡಿಕೊಂಡೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಇವರ ಮನೆಗೆ ಹೋದವಳಲ್ಲ ಎಂಬುದು ಆಗ ನೆನಪಾಯಿತು. ವಿಳಾಸವನ್ನೂ ಫೋನಿನಲ್ಲೇ ಕೇಳಬೇಕಾಯಿತು.

ತಲುಪಿದಾಗ ಎರಡೂಮುಕ್ಕಾಲು. ಗೊಲ್ಲಾಳಪ್ಪ ಓಣಿಯ ಬಾಯಲ್ಲೇ ನಿಂತಿದ್ದ. ಒಳಗೆ ಭಾಗ್ಯಶ್ರೀ ತಗಡು ಬಿಚ್ಚಿಟ್ಟುಕೊಂಡು ಕೂತಿದ್ದಳು. ಪಟ್ಟಿ ಚುಚ್ಚಿ ಗುಂಡಿ ಒತ್ತಿದಳು. ಪರದೆ ಕಪ್ಪಗೇ ಉಳಿಯಿತು. ಬರೀ ಕುಯ್ ಕುಯ್ ಎಂಬ ಸದ್ದು. ಇನ್ನೊಮ್ಮೆ ತೆಗೆದು ಹಾಕಿದಳು, ಅದೇ ಸದ್ದು. ಕ್ಯಾಬಿನ ಕುಲುಕಾಟದಲ್ಲಿ ಏನಾದರೂ ಆಯಿತೋ, ನಾನು ಕೀಳುವಾಗಲೇ ಕೆಡಿಸಿದೆನೋ? ಬಂಡೆಮ್ಮ ಸೆರಗು ಬಾಯಿಗೆ ಹಿಡಿದು ಗೋಡೆಗೆ ಆತು ನಿಂತಳು.

ಸಿಮೆಂಟಿಗೆ ಬಿರಿದ ಕೈಯೆಂದು ಅಲ್ಲಿಯತನಕ ಅದನ್ನು ಮುಟ್ಟದೇ ದೂರ ನಿಂತಿದ್ದ ಗೊಲ್ಲಾಳಪ್ಪ ಬಗ್ಗಿ ನೋಡಿದ. "ಕುಂತಿಲ್ಲವ್ವಾ ಅದು. ಅಂಗಡ್ಯಾಗ ಹಾಕುವಾಗ ಟಕ್ ಅಂದಿತ್ತು. ಈಗ ಅನ್ಲಿಲ್ಲ" ಎಂದ. ಮೂವತ್ತು ವರ್ಷ ನೆಲಕ್ಕೆ ಫರಸಿ ಕಲ್ಲು ಕೂರಿಸಿದವನ ಕಿವಿ ಅದು. ಕೈ ತೊಳೆದು, ಟವೆಲ್ಲಿಗೆ ಒರೆಸಿ, ಎರಡೂ ಹೆಬ್ಬೆರಳಿನಿಂದ ಪಟ್ಟಿಯ ಎರಡು ತುದಿ ಒತ್ತಿದ. ಟಕ್ ಎಂದಿತು.

ಪರದೆ ಬೆಳಗಿತು. ನಾಲ್ಕನೆಯ ಮಹಡಿ ಎದ್ದಿತು. ಐದನೆಯದಕ್ಕೆ ಹುಡುಗಿ ಹಿಡಿದ ಉಸಿರು ಬಿಡದೆ ಕೆಲಸ ಮಾಡಿದಳು. ನಾವು ಮೂವರೂ ನೆಲದ ಮೇಲೆ ಕೂತು ಗಡಿಯಾರ ನೋಡಿದೆವು. ಐದು ನಲವತ್ತಕ್ಕೆ ಕಳಿಸಿದಳು. ಅದಾದ ಮೇಲೆ ಗೊಲ್ಲಾಳಪ್ಪ ಪರದೆಯ ಹತ್ತಿರ ಹೋಗಿ, "ಪಾಯಾ ಎಲ್ಲಿ ತೋರ್ಸೀ?" ಎಂದು ಕೇಳಿದ. ಅವಳು ಚಿತ್ರವನ್ನು ತಿರುಗಿಸಿ ಅಡಿಭಾಗ ತೋರಿಸಿದಳು. ಅವನು ಬೆರಳು ಮಡಚಿ ಕಂಬಗಳನ್ನು ಎಣಿಸಿದ.

ಕೆಲಸ ಸಿಕ್ಕಿತು. ಒಂದೂವರೆ ತಿಂಗಳಾದ ಮೇಲೆ ಅಪ್ಪ ಮಗಳು ನಮ್ಮ ಮನೆಗೆ ಬಂದರು. ಅಲ್ಲಿಯತನಕ ನನ್ನ ಕಂಪ್ಯೂಟರು ಬಟ್ಟೆ ಹೊದ್ದು ಕೂತಿತ್ತು. ನನಗೆ ಫೋನೇ ಸಾಕು, ಆ ಪಟ್ಟಿ ನಿಮ್ಮಲ್ಲೇ ಇರಲಿ ಎಂದಿದ್ದೆ. ಭಾಗ್ಯಶ್ರೀ ಚೀಲದಿಂದ ಹೊಸ ಪಟ್ಟಿ ತೆಗೆದಳು.

"ಎಷ್ಟರದು ತಂದೀರಿ?"

"ಹದಿನಾರರದು, ಆಂಟಿ."

"ಏ ಗೊಲ್ಲಾಳಪ್ಪಾ, ದಾಸರ ಪದ ಕೇಳಲಿಕ್ಕೆ ಹದಿನಾರು ಯಾತಕ್ಕ? ನನಗ ಎಂಟು ಸಾಕಾಗಿತ್ತಲ್ಲೋ."

ಅವನು ನಕ್ಕ. "ನಿಮ್ಮ ಮಾತು ಕೇಳಿದ್ರ ಈ ಮ್ಯಾಲಿನ ಮನಿ ಇರ್ತಿತ್ತೇನ್ರಿ ಅಕ್ಕಾರ?"

ನಮ್ಮವರು ಪೇಪರು ಕೆಳಗಿಳಿಸಿದರು. "ಅಂದ್ರ?"

"ಮಣ್ಣು ಸಡಲ ಇದ್ದಿದ್ದಿಲ್ರಿ ಸಾಹೇಬ್ರ. ಹಾರಿ ಹಾಕಿದ್ರ ಕಿಡಿ ಹಾರೂವಂಥ ನೆಲ. ಇವತ್ತಲ್ಲ ನಾಳೆ ಮ್ಯಾಲ ಕಟ್ಟೇ ಕಟ್ತೀರಂತ ನನಗ ಅನ್ನಿಸ್ತು. ಹೇಳಿದ್ರ ಅಕ್ಕಾರು ಕೇಳ್ತಿದ್ದಿಲ್ಲ. ಅದಕ್ಕ ಸುಳ್ಳ ಹೇಳಿದೆ. ಹೆಚ್ಚಿಗಿ ತೋಡಿದ್ದಕ್ಕ ಕೂಲಿ ಹಚ್ಚಲಿಲ್ಲ."

ಹತ್ತು ಹನ್ನೆರಡು ವರ್ಷ ಹೇಳಿದ ದೂರದೃಷ್ಟಿಯ ಕಥೆ ನಮ್ಮವರ ಮುಖದಲ್ಲೇ ಇಳಿಯುವುದು ಕಂಡಿತು. ನನಗೆ ಮಾತ್ರ ಬೇರೆಯೇ ಕೊರೆಯತೊಡಗಿತು. ಅಂದು ಅವನನ್ನು ಕಬ್ಬಿಣದ ಕಳ್ಳ ಎಂದಿದ್ದೆ.

"ಹಂಗಾದ್ರ ಅಂಗಡ್ಯಾಗೂ ನಿನಗ ಗೊತ್ತಿತ್ತೇನು, ಎಂಟು ಸಾಲಂಗಿಲ್ಲಂತ?"

"ಸಂಶೇ ಇತ್ರಿ."

"ಮತ್ತ ಯಾಕ ಸುಮ್ಮನಾದಿ? ಅಲ್ಲೂ ಒಂದು ಸುಳ್ಳ ಹೇಳಬೇಕಿತ್ತಿಲ್ಲೋ."

ಅವನು ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. "ಪಾಯಾ ನನ್ನ ಕೈಯಾಗಿನ ಕೆಲಸ ಇತ್ರಿ ಅಕ್ಕಾರ. ಇದು ಅಲ್ಲ. ಇದರಾಗ ನಿಮಗ ಗೊತ್ತಿರತೈತಿ ಅಂತ ನಂಬಿದ್ದೆ."

ನಾನು ಎದ್ದು ಅಡಿಗೆ ಮನೆಗೆ ಹೋದೆ. ಅವನ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿದೆ.