ಕಾಲು ತೊಳೆಯದೆ ಬಂದ ಸಂಸಾರ

ಅಮ್ಮ ಊಟ ಬಿಟ್ಟ ನಾಲ್ಕನೆಯ ದಿನ ನಾನು ತಟ್ಟೆಯನ್ನು ಗೋಡೆಗೆ ಎಸೆದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಎಸೆದದ್ದು ನಿಜ. ಬಸ್ಸಾರು ಕ್ಯಾಲೆಂಡರಿನ ಮೇಲೆಲ್ಲ ಹರಿಯಿತು. ಅಮ್ಮ ಮಾತ್ರ ಪಕ್ಕದ ಮನೆಯವರ ಜಗಳ ನೋಡುವ ಹಾಗೆ ನೋಡುತ್ತ ಕೂತಿದ್ದಳು.

"ಅವರ ಮನೇಲಿ ಇನ್ನೂ ಊಟಕ್ಕೆ ಕರ್ದಿಲ್ವಲ್ಲ ಟೀಚರಮ್ಮ," ಅಂದಳು. "ಕರೀಲಿ, ಉಣ್ತೀನಿ."

ಟೀಚರಮ್ಮ ಅಂದರೆ ನಾನೇ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಅಮ್ಮನಿಗೆ ಮರೆವಿನ ಕಾಯಿಲೆ. ಮೊದಲು ಅಪ್ಪ ಸತ್ತದ್ದು ಮರೆಯಿತು, ಆಮೇಲೆ ಅಪ್ಪನೇ ಮರೆತುಹೋದರು, ಆಮೇಲೆ ನನ್ನ ಮುಖ. ಚಿಂತಾಮಣಿಯ ನನ್ನ ಬಾಡಿಗೆ ಮನೆಯಲ್ಲಿ ಅವಳು ಯಾರೋ ಪುಣ್ಯಾತ್ಗಿತ್ತಿ ಮೇಷ್ಟರಮ್ಮನ ಮನೆಗೆ ನೆಂಟಳಾಗಿ ಬಂದವಳಂತೆ ಇದ್ದಳು. ಅವಳಿಗೆ ನೆನಪಿದ್ದದ್ದು ಒಂದೇ ಒಂದು ಸಂಸಾರ, ಅದೂ ರೇಡಿಯೋದಲ್ಲಿದ್ದದ್ದು.

ನಾನು ಚಿಕ್ಕವಳಿದ್ದಾಗ ಭಾನುವಾರ ಭಾನುವಾರ ಬರುತ್ತಿದ್ದ ನಗೆನಾಟಕ ಅದು. ಜಿಪುಣ ಮಾವ, ಬಾಯಿಬಡುಕಿ ಅತ್ತೆ, ಮೂವರು ಸೊಸೆಯರು, ಯಾವ ಕೆಲಸಕ್ಕೂ ಬಾರದ ಒಬ್ಬ ಅಳಿಯ. ಅರ್ಧ ಗಂಟೆ ಎಲ್ಲರೂ ಕಿತ್ತಾಡುತ್ತಿದ್ದರು. ಕೊನೆಗೆ ಅತ್ತೆ "ಏಳ್ರೋ, ಎಲೆ ಹಾಕಿದೀನಿ, ಬಂದು ಉಣ್ರೋ!" ಎಂದು ಕೂಗಿದರೆ ಆ ವಾರದ ಕಥೆ ಮುಗಿಯಿತು. ಶಿಡ್ಲಘಟ್ಟದ ಕಡೆಯ ನಮ್ಮೂರಲ್ಲಿ ಅಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಗಳು ದೊಡ್ಡವಾದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅಮ್ಮ ಹುಳುವಿನ ಮನೆ ಬಿಟ್ಟು ಈಚೆಗೇ ಬರುತ್ತಿರಲಿಲ್ಲ. ಅದಕ್ಕೇ ಅಪ್ಪ ಅಲ್ಲೊಂದು ರೇಡಿಯೋ ನೇತುಹಾಕಿದ್ದರು. ಅಮ್ಮ ಸೊಪ್ಪು ಹಾಕುತ್ತಲೇ ಆ ಅತ್ತೆಗೆ ಎದುರು ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ಬಿದ್ದು ಬಿದ್ದು ನಗುತ್ತಿದ್ದಳು. ಅತ್ತೆ ಊಟಕ್ಕೆ ಕರೆದ ಮೇಲೆಯೇ ಕೈ ತೊಳೆದು ತಾನೂ ಉಣ್ಣುತ್ತಿದ್ದಳು.

ಈಗ ಎಲ್ಲ ದಿನವೂ ಅವಳಿಗೆ ಭಾನುವಾರವಾಗಿತ್ತು, ಅತ್ತೆ ಮಾತ್ರ ಕರೆಯುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದರು: ಸೋಮವಾರದೊಳಗೆ ಉಣ್ಣದಿದ್ದರೆ ಮೂಗಿನಲ್ಲಿ ಪೈಪು ಹಾಕಬೇಕು, ಕಿತ್ತುಕೊಳ್ಳದ ಹಾಗೆ ಎರಡೂ ಕೈ ಮಂಚಕ್ಕೆ ಕಟ್ಟಬೇಕು. ಗೌರಿಬಿದನೂರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ.

"ಹಾಕ್ಸಿಬಿಡಣ ಅಕ್ಕ. ಕೈ ಕಟ್ಟಿದ್ರೆ ಏನೀಗ, ಜೀವ ಉಳೀಬೇಕಲ್ವಾ?"

"ಬಾ, ಮೊದ್ಲು ನಿನ್ನ ಕೈ ಕಟ್ತೀನಿ," ಎಂದು ಫೋನು ಇಟ್ಟೆ. ಮೈಯೆಲ್ಲ ಉರಿದುಹೋಗಿತ್ತು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು.

ಆ ನಾಟಕದ ಧ್ವನಿಮುದ್ರಣಕ್ಕಾಗಿ ಎಲ್ಲೆಲ್ಲಿಗೋ ಫೋನು ಮಾಡಿದೆ. ರೇಡಿಯೋದಲ್ಲಿದ್ದು ನಿವೃತ್ತರಾದ ಹಿರಿಯರೊಬ್ಬರು, "ಆಗ ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡ್ತಿದ್ವಮ್ಮ, ಏನೂ ಉಳಿದಿಲ್ಲ," ಎಂದರು. ಮರುದಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ನೆನಪಿಸಿದರು: "ಅದು ಸಿನಿಮಾನೂ ಆಗಿತ್ತಲ್ವಾ?" ಆಗಿತ್ತು! ನಾವು ಯಾರೂ ನೋಡಿರಲಿಲ್ಲ. ಸಿನಿಮಾ ಚಿಂತಾಮಣಿಗೆ ಬಂದಾಗ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಅಮ್ಮ ಕದಲಿರಲಿಲ್ಲ. ಮೇಡಂ ಒಂದೇ ನಿಮಿಷದಲ್ಲಿ ಫೋನಿನಲ್ಲಿ ಅದನ್ನು ಹುಡುಕಿಕೊಟ್ಟರು. ನಾನು ಎಲ್ಲರೆದುರೇ ಗೊಳೋ ಎಂದು ಅತ್ತುಬಿಟ್ಟೆ.

ಶನಿವಾರ ಮಧ್ಯಾಹ್ನ ಅಮ್ಮನ ಮುಂದೆ ಫೋನನ್ನು ಚೊಂಬಿಗೆ ಒರಗಿಸಿಟ್ಟೆ. ಜಿಪುಣ ಮಾವ ಮಾರುದ್ದದ ಕಾರಿನಿಂದ ಇಳಿದ. ಅತ್ತೆಗೆ ತುಟಿಯ ತುಂಬ ಬಣ್ಣ. ಎಲ್ಲರೂ ದಡದಡನೆ ಮನೆಯೊಳಕ್ಕೆ ನುಗ್ಗಿದರು. ಅಮ್ಮ ಬಗ್ಗಿ ನೋಡಿದಳು, ನೋಡುತ್ತಾ ನೋಡುತ್ತಾ ಅವಳ ಮುಖ ಬಿಳಿಚಿಕೊಂಡಿತು.

"ಎವರೇ ವೀಳ್ಳು? ಯಾರಿವ್ರೆಲ್ಲ? ಚಪ್ಪಲಿ ಹಾಕ್ಕೊಂಡೇ ಒಳಕ್ಕೆ ಬಂದವ್ರಲ್ಲ! ಕಾಲ್ ತೊಳ್ದಿಲ್ಲ, ಏನಿಲ್ಲ! ಹುಳ ಎಲ್ಲಾ ಸತ್ತೋಯ್ತವೆ, ಆಚೆ ಕಳ್ಸಿ, ಆಚೆ ಕಳ್ಸಿ!"

ಅಯ್ಯೋ ನನ್ನ ಬುದ್ಧಿಗಿಷ್ಟು! ಹುಳುವಿನ ಮನೆಗೆ ಹೊರಗಿನವರನ್ನು ಬಿಡುವ ಪದ್ಧತಿಯೇ ಇಲ್ಲ. ಒಬ್ಬರ ಕಾಲಿನಲ್ಲಿ ಬಂದ ರೋಗ ಇಡೀ ಬೆಳೆಯನ್ನು ತಿಂದುಹಾಕುತ್ತದೆ. ನಮ್ಮ ಸೋದರಮಾವನನ್ನೇ ಅಮ್ಮ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದಳು. ರೇಡಿಯೋದ ಸಂಸಾರಕ್ಕೆ ಕಾಲುಗಳಿರಲಿಲ್ಲ, ಅದಕ್ಕೇ ಅವರಿಗೆ ಮಾತ್ರ ಒಳಗೆ ಜಾಗವಿತ್ತು. ನಾನು ಅವರಿಗೆ ಕಾಲು ಕೊಟ್ಟು, ಚಪ್ಪಲಿ ಹಾಕಿ, ಕರೆತಂದು ನಿಲ್ಲಿಸಿದ್ದೆ.

ಫೋನು ಕಿತ್ತುಕೊಂಡು, "ಹೋದ್ರಮ್ಮ, ಹೋದ್ರು," ಎಂದೆ. ಅಮ್ಮ ನನ್ನಿಂದಲೂ ಹಿಂದಕ್ಕೆ ಸರಿದಳು. "ನೀವೂ ಅವರ ಕಡೆಯೋರೇನಾ?" ಅಂದಳು. ಅಲ್ಲಿಯವರೆಗೆ ಟೀಚರಮ್ಮನಾದರೂ ಆಗಿದ್ದೆ, ಈಗ ಅದೂ ಹೋಯಿತು. ಅವತ್ತು ನನ್ನ ಕೈಯಿಂದ ನೀರನ್ನೂ ಕುಡಿಯಲಿಲ್ಲ.

ಭಾನುವಾರ ಫೋನನ್ನು ಬೋರಲು ಹಾಕಿ ಸಿನಿಮಾದ ಅತ್ತೆಯ ಬರೀ ದನಿ ಕೇಳಿಸಿದೆ. "ಇವಳ್ಯಾರೋ ಬೇರೆ," ಎಂದು ಮುಖ ತಿರುಗಿಸಿದಳು. ನಾಳೆ ಸೋಮವಾರ. ಅಮ್ಮನ ಕೈಗಳನ್ನು ನೋಡಿದೆ. ಇಷ್ಟು ವರ್ಷ ಸೊಪ್ಪು ಕತ್ತರಿಸಿ ಬೆರಳುಗಳು ಸೊಟ್ಟಗಾಗಿದ್ದವು. ಇವನ್ನು ಕಟ್ಟಲು ಬಿಡುವುದೇ?

ಮುದ್ದೆ, ಸಾರು ಹಾಕಿ ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಅಡುಗೆಮನೆಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತೆ. ಮೂಗಿನಿಂದ ಎಳೆದೆಳೆದು ಆಡುತ್ತಿದ್ದ ಆ ಅತ್ತೆಯ ದನಿಯನ್ನು ನೆನೆದು ಕೂಗಿದೆ. ಮೊದಲ ಸಲ ಅಳು ನುಗ್ಗಿ ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೂಗಿದೆ: "ಏಳ್ರೋ, ಎಲೆ ಹಾಕಿದೀನಿ, ಬಂದು ಉಣ್ರೋ!"

"ಬಂದೆ ಕಣಕ್ಕಾ, ಯಾಕಂಗೆ ಬಡ್ಕೊಂತೀಯ!"

ತಟ್ಟೆಗೆ ಬಳೆ ತಾಕಿದ ಸದ್ದು. ಸಂದಿಯಲ್ಲಿ ನೋಡಿದರೆ ಅಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಿದ್ದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಡೆಯಲಾರದೆ "ಅಮ್ಮಾ" ಎನ್ನುತ್ತಾ ಈಚೆಗೆ ಓಡಿಬಂದೆ. ಅಮ್ಮನ ಕೈ ಅಲ್ಲೇ ನಿಂತಿತು. ತಟ್ಟೆಯನ್ನು ದೂರ ತಳ್ಳಿದಳು. ನಾನು ಬಂದ ದಾರಿಯಲ್ಲೇ ವಾಪಸು ಹೋಗಿ ಮತ್ತೆ ಕರೆಯಬೇಕಾಯಿತು.

ಪೈಪು ಹಾಕಲಿಲ್ಲ. ಎರಡು ತಿಂಗಳಿಂದ ದಿನಕ್ಕೆರಡು ಸಲ ಬಾಗಿಲ ಮರೆಯಲ್ಲಿ ನಿಂತು ಕೂಗುತ್ತೇನೆ. "ನೀನು ಗೆದ್ಬಿಟ್ಟೆ ಅಕ್ಕ," ಎನ್ನುತ್ತಾನೆ ತಮ್ಮ. ಏನು ಗೆದ್ದೆನೋ, ನನ್ನ ತಲೆ.

ಮೊನ್ನೆ ಉಣ್ಣುತ್ತಿದ್ದ ಅಮ್ಮ ಅತ್ತೆಯನ್ನು ಮಾತಿಗೆಳೆದಳು. "ಅಕ್ಕಾ, ನಿಮ್ಮನೇಲಿ ಎಲ್ರೂ ಒಟ್ಟಿಗೆ ಉಣ್ತೀರ. ನನಗೂ ಒಬ್ಳು ಮಗಳವ್ಳೆ. ಬಾಯಿ ಜೋರು, ಮನಸು ಒಳ್ಳೇದು. ಯಾಕೋ ನನ್ನ ನೋಡಕ್ಕೇ ಬರಲ್ಲ."

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಬಾಗಿಲ ಚಿಲಕ ಹಿಡಿದುಕೊಂಡು, ಮೂಗಿನಿಂದ ದನಿ ಎಳೆದೆ: "ಬರ್ತಾಳೆ ಕಣೇ, ಕೆಲಸ ಜಾಸ್ತಿಯಂತೆ. ನೀನು ಉಣ್ಣು."

"ಹಂಗಾದ್ರೆ ಅವಳಿಗಿಷ್ಟು ಎತ್ತಿಡ್ತೀನಿ. ಹಸ್ಕೊಂಡ್ ಬರ್ತಾಳೆ." ಅಮ್ಮ ಅರ್ಧ ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿ, ಉಣ್ಣುವುದನ್ನು ನಿಲ್ಲಿಸಿದಳು. ಕಾದಳು. ನಾನೂ ಕಾದೆ. ಮುದ್ದೆ ಆರುತ್ತಿತ್ತು.

"ಅವಳು ಬರಲ್ಲ ಕಣೇ," ಎಂದೆ. "ಅದನ್ನೂ ನೀನೇ ಉಂಡ್ಬಿಡು."

ಅಮ್ಮ ನನ್ನ ಪಾಲನ್ನೂ ಉಂಡಳು.