ಆದಿಲಕ್ಷ್ಮಮ್ಮ ಕೇಳಿದ ಬಸ್ಸಿನ ಪ್ರಶ್ನೆ

ಗೌರಿಬಿದನೂರಿನ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶದ ಆಪರೇಷನ್ನಿಗೆ ಮುಂಚಿನ ಸಂಜೆ ನರ್ಸ್ ಆದಿಲಕ್ಷ್ಮಮ್ಮ ಫೈಲು ಹಿಡಿದು ಬಂದರು. ವಿದುರಾಶ್ವತ್ಥದವರು. ಇಪ್ಪತ್ತಾರು ವರ್ಷದಿಂದ ಅದೇ ವಾರ್ಡು, ಅದೇ ಗಡಸು ದನಿ.

“ಬಸ್ಸಲ್ಲಿ ಹೋದ್ರೆ ವಾಂತಿ ಆಗುತ್ತೇನಮ್ಮ?”

ಆಪರೇಷನ್ನಿಗೂ ಬಸ್ಸಿಗೂ ಏನು ಸಂಬಂಧ? ಪಕ್ಕದಲ್ಲೇ ನಮ್ಮ ಯಜಮಾನರು ಖಾಕಿ ಅಂಗಿಯಲ್ಲೇ ನಿಂತಿದ್ದರು. ಅವರು ಚಿಂತಾಮಣಿ ಬಸ್ಸಿನ ಡ್ರೈವರು. ಡ್ರೈವರನ ಹೆಂಡತಿಗೇ ಬಸ್ಸು ಆಗಿಬರುವುದಿಲ್ಲ ಎಂದರೆ ಅವರ ಮರ್ಯಾದೆ ಏನಾಗಬೇಕು? “ಇಲ್ಲ” ಎಂದುಬಿಟ್ಟೆ.

ಆದಿಲಕ್ಷ್ಮಮ್ಮ ನನ್ನ ಮುಷ್ಟಿ ಬಿಡಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೂಸಿಕೊಂಡು ಬಂದ ನಿಂಬೆಹಣ್ಣು ಇನ್ನೂ ಅಲ್ಲೇ ಇತ್ತು. ಯಜಮಾನರು ಗೋಡೆ ಕಡೆ ತಿರುಗಿದರು.

“ಸುಳ್ಳು ಹೇಳ್ಬೇಡ ಕಣಮ್ಮ. ಬಸ್ಸಲ್ಲಿ ವಾಂತಿ ಮಾಡೋರಿಗೆ ಆಪರೇಷನ್ ಆದ್ಮೇಲೂ ವಾಂತಿ ಜಾಸ್ತಿ. ಮೊದ್ಲೇ ಗೊತ್ತಾದ್ರೆ ಅದಕ್ಕೂ ಇಂಜೆಕ್ಷನ್ ಕೊಡ್ತಾರೆ. ನೋವೂ ಅಷ್ಟೇ, ತಡ್ಕೊಂಡು ಮಲಗ್ಬೇಡ. ಶುರು ಆದಾಗ್ಲೇ ನನ್ನ ಕರಿ.”

ಅರಿವಳಿಕೆ ಡಾಕ್ಟರಿಗೆ ಅವರೇ ಹೋಗಿ ಹೇಳಿದರು.

ಮಾರನೆಯ ದಿನ ಎಚ್ಚರವಾದಾಗ ಗಂಟಲು ಒಣಗಿತ್ತು, ಹೊಟ್ಟೆ ತೊಳಸುತ್ತಿರಲಿಲ್ಲ. ಹೊಲಿಗೆ ಚುಚ್ಚತೊಡಗಿದಾಗ ನಾಚಿಕೆ ಬಿಟ್ಟು ಆದಿಲಕ್ಷ್ಮಮ್ಮನನ್ನು ಕರೆದೆ. ಔಷಧಿ ಕೊಟ್ಟು, ಹಣೆ ಸವರಿ ಹೋದರು. ಮಗಳು ಹುಟ್ಟಿದಾಗ ಸಿಸೇರಿಯನ್ ಹೊಲಿಗೆ ಅದುಮಿಕೊಂಡು ವಾಂತಿ ಮಾಡಿದ್ದು ನೆನಪಾಗಿ ಕಣ್ಣು ತುಂಬಿ ಬಂತು.

ಮನೆಗೆ ಹೊರಡುವ ದಿನ, ಕೊಡಲು ಬೇರೇನೂ ತೋಚದೆ, ದಿಂಬಿನ ಕೆಳಗಿದ್ದ ಆ ನಿಂಬೆಹಣ್ಣನ್ನೇ ಅವರ ಕೈಗಿಟ್ಟು ನಮಸ್ಕಾರ ಮಾಡಿದೆ. ಅವರು ನಮ್ಮ ಯಜಮಾನರನ್ನು ಒಮ್ಮೆ ನೋಡಿ, ಹಣ್ಣನ್ನು ವಾಪಸು ನನ್ನ ಮುಷ್ಟಿಗೇ ತುರುಕಿದರು.

“ಇಟ್ಕೊಳಮ್ಮ. ಇವ್ರು ಓಡ್ಸೋ ಬಸ್ಸಲ್ಲೇ ತಾನೇ ಮನೆಗೆ ಹೋಗ್ಬೇಕು?”