ನಾಲ್ಕು ಮಂದಿಯ ಕುಕ್ಕರ್

ಜೋಳದ ರೊಟ್ಟಿ ತಿಂದು ಬೆಳೆದವನು ಅನ್ನದ ವಿಷಯದಲ್ಲಿ ಅಭಿಪ್ರಾಯ ಹೇಳಬಾರದು. ಹೇಳಿದರೆ ಕೇಳುವವರು ನಗುತ್ತಾರೆ. ನಮ್ಮ ಮುಂಡರಗಿ ಕಡೆ ಆಗ ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ, ಇಲ್ಲವೇ ಜ್ವರಕ್ಕೆ. ಹಬ್ಬವಿಲ್ಲದ, ಬೀಗರೂ ಬಾರದ ದಿನ ಯಾರ ಮನೆಯಲ್ಲಾದರೂ ಅಕ್ಕಿ ಬೆಂದ ವಾಸನೆ ಬಂದರೆ ನೆರೆಯವರು ಗೋಡೆಯಾಚೆಯಿಂದ ಯಾರಿಗೆ ಆರಾಮಿಲ್ಲ ಎಂದು ವಿಚಾರಿಸುತ್ತಿದ್ದರು. ಸಂಸ್ಕೃತ ಬಲ್ಲ ನಮ್ಮ ಹೆಡ್‌ಮಾಸ್ತರರು ಅನ್ನ ಎಂಬ ಶಬ್ದಕ್ಕೆ ತಿನ್ನುವಂಥದ್ದು ಎಂದಷ್ಟೇ ಅರ್ಥ, ಆದ್ದರಿಂದ ರೊಟ್ಟಿಯೂ ಅನ್ನವೇ ಎಂದು ನಮಗೆಲ್ಲ ಸಮಾಧಾನ ಹೇಳುತ್ತಿದ್ದರು. ಅವರ ಮನೆಯಲ್ಲಿ ಮಾತ್ರ ದಿನಾಲೂ ಅಕ್ಕಿಯ ಅನ್ನವೇ ಆಗುತ್ತಿತ್ತು. ಇಂಥ ಊರಿನಲ್ಲಿ, ಅಕ್ಕಿಗೆ ರೇಷನ್ ಇದ್ದ ಕಾಲದಲ್ಲಿ, ಪ್ರಾಥಮಿಕ ಶಾಲೆಯ ಮಾಸ್ತರನಾದ ನಾನು ಒಂದು ತಿಂಗಳ ಪಗಾರ ಸುರಿದು ಅನ್ನದ ಕುಕ್ಕರ್ ಕೊಂಡು ತಂದೆ.

ಕುಕ್ಕರ್ ಎಂದರೆ ಈಗಿನ ಸೀಟಿ ಹೊಡೆಯುವ ಕುಕ್ಕರ್ ಎಂದುಕೊಳ್ಳಬೇಡಿ. ಅದು ಮೊಳಕಾಲೆತ್ತರದ ಹಿತ್ತಾಳೆಯ ಡಬ್ಬಿ. ಅಡಿಯಲ್ಲಿ ಇದ್ದಿಲಿಗೆ ಒಂದು ಪುಟ್ಟ ಒಲೆ, ಅದರ ಮೇಲೆ ನೀರು, ನೀರಿನ ಮೇಲೆ ಒಂದರ ಮೇಲೊಂದು ಕೂರುವ ಬಟ್ಟಲುಗಳು. ಅಕ್ಕಿ, ಬೇಳೆ, ಪಲ್ಯ ಎಲ್ಲ ತುಂಬಿ ಮುಚ್ಚಳ ಹಾಕಿಬಿಟ್ಟರೆ ಹಬೆಯಲ್ಲೇ ನಿಧಾನವಾಗಿ ಬೇಯುತ್ತಿತ್ತು. ಹೊಗೆಯಿಲ್ಲ, ಮಸಿಯಿಲ್ಲ, ಮುಂದೆ ಕೂತು ಊದುವ ಕೆಲಸವಿಲ್ಲ. ಪುಣೆ, ಮುಂಬಯಿಗಳಲ್ಲಿ ಒಬ್ಬಂಟಿಯಾಗಿರುವ ಕಾರಕೂನರು ಅದರಲ್ಲೇ ಅಡುಗೆ ಮಾಡಿಕೊಂಡು ಕಚೇರಿಗೆ ಹೋಗುತ್ತಾರೆಂದು ಕೇಳಿದ್ದೆ. ನಾನು ಒಬ್ಬಂಟಿಯಾಗಿರಲಿಲ್ಲ. ಮನೆಯಲ್ಲಿ ಅವ್ವ ಇದ್ದಳು, ಹೆಂಡತಿ ಶಾಂತವ್ವ ಇದ್ದಳು. ಆದರೂ ಆ ದಿನಗಳಲ್ಲಿ ಮೂವರೂ ಒಂದೇ ಸೂರಿನಡಿ ಒಬ್ಬೊಬ್ಬರೇ ಇದ್ದೆವು.

ಅದು ಸ್ವಾತಂತ್ರ್ಯ ಬಂದ ಮರುವರ್ಷ. ಗಡಿಯಾಚೆಯ ನಿಜಾಮರ ಸೀಮೆಯಿಂದ ಗಲಭೆಗೆ ಹೆದರಿ ಗಂಟುಮೂಟೆ ಹೊತ್ತು ಬಂದ ಜನ ನಮ್ಮೂರಿನ ಗುಡಿಗಳಲ್ಲಿ, ಶಾಲೆಯ ಪಡಸಾಲೆಯಲ್ಲಿ ಇಳಿದುಕೊಂಡಿದ್ದರು. ಶಾಲೆ ನಡೆಯುತ್ತಿರಲಿಲ್ಲ. ಅವ್ವ ದಿನಾ ದೊಡ್ಡ ಗಡಿಗೆಯಲ್ಲಿ ಜೋಳದ ನುಚ್ಚು ಕುದಿಸಿ ಅವರಿಗೆ ಕಳಿಸುತ್ತಿದ್ದಳು. ಶಾಂತವ್ವ ದಿನ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆದರೆ ಮುಳಗುಂದದಲ್ಲಿ ಅವಳ ತಾಯಿಯೇ ಹಾಸಿಗೆ ಹಿಡಿದಿದ್ದರಿಂದ ನಮ್ಮಲ್ಲೇ ಆಯಿತು. ಹೆರಿಗೆ ಬಹಳ ಕಷ್ಟವಾಯಿತು. ಶಾಂತವ್ವನಿಗೆ ಎಚ್ಚರ ತಪ್ಪಿತು. ಕೂಸು ಉಸಿರಿಲ್ಲದೆಯೇ ಬಂತು. ಅವಳಿಗೆ ಎಚ್ಚರವಾಗುವ ಮೊದಲೇ ಅದನ್ನು ಬಿಳಿ ಧೋತರದ ತುಂಡಿನಲ್ಲಿ ಸುತ್ತಿ ನಾನೂ ನಮ್ಮ ಓಣಿಯ ಇಬ್ಬರು ಹಿರಿಯರೂ ಊರಾಚೆ ಒಯ್ದು ಮಣ್ಣು ಮಾಡಿ ಬಂದೆವು. ಆಕೆಯ ಮುಂದೆ ಕೂಸಿನ ಮಾತು ಎತ್ತಬಾರದು, ಎತ್ತಿದಷ್ಟೂ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದು ಅವ್ವ ಹೇಳಿದಳು. ಊರಿನ ಹೆಂಗಸರೆಲ್ಲ ಅದನ್ನೇ ಹೇಳಿದರು. ಎಲ್ಲರ ಮನೆಯಲ್ಲೂ ಯಾರಾದರೊಬ್ಬರು ಅಳುತ್ತಿದ್ದ ಕಾಲ ಅದು. ನಮ್ಮದನ್ನು ಬೇರೆಯಾಗಿ ಅಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಶಾಂತವ್ವ ಬದುಕಿ ಉಳಿದಳು. ಆದರೆ ಮಾತು ಬಿಟ್ಟಳು. ಕೇಳಿದರೆ ಹೂಂ, ಊಹೂಂ. ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟುಕೊಂಡು ಕೂಡುವಳು, ಬಾಯಿಗೆ ಹೋಗುತ್ತಿರಲಿಲ್ಲ. ಒಲೆಯ ಮುಂದೆ ಕೂತರೆ ಕೆಮ್ಮು. ಗದಗಿಗೆ ಕರೆದೊಯ್ದು ಡಾಕ್ಟರರಿಗೆ ತೋರಿಸಿದೆ. ಅವರು ನಾಡಿ ನೋಡಿ, ನಿಶ್ಶಕ್ತಿ, ಸ್ವಲ್ಪ ದಿನ ಮೆತ್ತಗಿನ ಅನ್ನ ಕೊಡಿ, ಹೊಗೆಯಿಂದ ದೂರ ಇಡಿ ಎಂದರು. ಅವರು ಹೇಳಿದ್ದು ಅಷ್ಟೇ. ಅದನ್ನು ನಾನು ಕುಕ್ಕರ್ ಎಂದು ಕೇಳಿಸಿಕೊಂಡೆ.

ಇಲ್ಲಿ ಗಂಡಸರ ಬಗ್ಗೆ ಒಂದು ಮಾತು ಹೇಳಬೇಕು. ದುಃಖವಾದಾಗ ಹೆಂಗಸು ಗೋಡೆಗೆ ಆನಿಕೊಂಡು ಕೂಡುತ್ತಾಳೆ. ಗಂಡಸು ಪೇಟೆಗೆ ಹೋಗುತ್ತಾನೆ. ಏನಾದರೂ ಕೊಂಡು ತಂದರೆ ಮನೆ ಸರಿಹೋದೀತೆಂಬ ಭ್ರಮೆ ಅವನಿಗೆ. ನನಗೆ ತಿಳಿದ ಒಬ್ಬರು ಹೆಂಡತಿ ತೀರಿದ ತಿಂಗಳಲ್ಲೇ ಗೋಡೆ ಗಡಿಯಾರ ತಂದರು. ಇನ್ನೊಬ್ಬರು ಎಮ್ಮೆ ಕೊಂಡರು. ನಾನು ಕುಕ್ಕರಿನ ವಿಚಾರಕ್ಕೆ ಬಿದ್ದೆ. ಬಿದ್ದ ಪರಿಯಾದರೂ ಎಂಥದ್ದು! ಲಕ್ಷ್ಮೇಶ್ವರದಲ್ಲಿ ಒಬ್ಬ ಕಾರಕೂನರ ಮನೆಯಲ್ಲಿ ಅಂಥದ್ದೊಂದು ಇದೆಯೆಂದು ತಿಳಿದು, ಗುರುತು ಪರಿಚಯ ಇಲ್ಲದಿದ್ದರೂ ಬಸ್ಸು ಹತ್ತಿ ಹೋದೆ. ಅವರು ಚಹಾ ಕೊಟ್ಟು, ಅಟ್ಟದಿಂದ ಇಳಿಸಿ, ಧೂಳು ಒರೆಸಿ ತೋರಿಸಿದರು. ಯಾಕೆ ಬಳಸುವುದಿಲ್ಲ ಎಂದರೆ ತಮ್ಮ ಹೆಂಡತಿಗೆ ಅದರ ಮೇಲೆ ನಂಬಿಕೆಯಿಲ್ಲ ಎಂದರು. ಶಿರಹಟ್ಟಿಗೆ ಮದುವೆಗೆ ಹೋದವನು ಅಕ್ಷತೆ ಬಿಟ್ಟು ಅಡುಗೆಯವರ ಹತ್ತಿರ ಹಬೆಯಲ್ಲಿ ಬೇಯಿಸಿದ ಅನ್ನದ ಗುಣದೋಷ ಕೇಳುತ್ತ ನಿಂತೆ. ಮತ್ತೆ ಶುರುವಾದ ಶಾಲೆಯಲ್ಲಿ ಉಳಿದ ಮಾಸ್ತರರು ಕರ್ನಾಟಕದ ಏಕೀಕರಣ ಯಾವಾಗ, ಮುಂಬಯಿ ಸರಕಾರ ನಮ್ಮನ್ನು ಬಿಟ್ಟುಕೊಟ್ಟೀತೇ ಎಂದು ಬಿಸಿಬಿಸಿ ವಾದ ಮಾಡುತ್ತಿದ್ದರೆ, ನಾನು ಮಧ್ಯದಲ್ಲಿ ಬಾಯಿ ಹಾಕಿ ತಗಡಿನದು ಬೇಗ ತೂತು ಬೀಳುತ್ತದೆಯೇ ಎಂದು ಕೇಳುತ್ತಿದ್ದೆ. ಅವರು ನನ್ನ ಮುಖ ನೋಡಿ, ವಾದ ನಿಲ್ಲಿಸಿ, ತಮಗೆ ತಿಳಿದಷ್ಟು ಹೇಳುತ್ತಿದ್ದರು. ಅವರಿಗೆ ಕಾರಣ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಅವ್ವನಿಗೆ ಇದು ಸೇರಲಿಲ್ಲ. ರೊಟ್ಟಿ ತಿನ್ನುವ ಮಂದಿಗೆ ಅನ್ನದ ಮಿಷನ್ ಯಾಕೆ, ಗಡಿಗೆಯಲ್ಲಿ ಅನ್ನ ಬೇಯುವುದಿಲ್ಲವೇ ಎಂದಳು. ಡಾಕ್ಟರರು ಹೊಗೆ ಬೇಡವೆಂದದ್ದನ್ನು ಹೇಳಿದೆ. ಹಾಗಾದರೆ ತಾನೇ ಮಾಡಿ ಹಾಕುತ್ತೇನೆ, ತಾನು ಹೊಗೆಯಲ್ಲೇ ಮುದುಕಿಯಾದವಳು ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕುಕ್ಕರ್ ಬೇಕೆನ್ನುವುದಕ್ಕೆ ನನ್ನಲ್ಲಿ ಗಟ್ಟಿ ಕಾರಣ ಒಂದೂ ಇರಲಿಲ್ಲ. ಕಾರಣ ಇಲ್ಲದ್ದರಿಂದಲೇ ಹಟ ಹೆಚ್ಚಾಯಿತು.

ಕೊನೆಗೊಂದು ಶನಿವಾರ ಗದಗಿನ ಪೇಟೆಯಲ್ಲಿ ಬಾಂಡೆ ಅಂಗಡಿಯ ಮೆಟ್ಟಿಲು ಹತ್ತಿದೆ. ತಗಡಿನದು ಅಗ್ಗವಿತ್ತು, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಹಿತ್ತಾಳೆಯದು ಭಾರವಾಗಿತ್ತು, ಒಳಗೆ ಚೆನ್ನಾಗಿ ಕಲಾಯಿ ಮಾಡಿತ್ತು, ಮುಚ್ಚಳ ಹಾಕಿದರೆ ಸದ್ದಿಲ್ಲದೆ ಕೂಡುತ್ತಿತ್ತು. ಬೆಲೆ ಕೇಳಿದಾಗ ನಾನೂ ಸದ್ದಿಲ್ಲದೆ ಕೂತೆ. ಅಂಗಡಿಯವರು ವಯಸ್ಸಾದವರು, ಅವಸರ ಮಾಡುವ ಜಾತಿಯಲ್ಲ. ಹಿತ್ತಾಳೆಯದರಲ್ಲಿ ಎರಡು ಅಳತೆ ಇವೆ, ಒಂದು ಎರಡು ಮೂರು ಮಂದಿಗೆ, ಇನ್ನೊಂದು ನಾಲ್ಕೈದು ಮಂದಿಗೆ ಎಂದು ವಿವರಿಸಿ ಕೇಳಿದರು.

"ಮನ್ಯಾಗ ಎಷ್ಟು ಮಂದಿ ಅದೀರಿ ಮಾಸ್ತರ?"

"ನಾಲ್ಕು," ಎಂದೆ.

ಬಾಯಿಂದ ಬಂದುಬಿಟ್ಟಿತು. ಶಾಂತವ್ವನಿಗೆ ದಿನ ತುಂಬುತ್ತ ಬಂದ ಆ ತಿಂಗಳುಗಳಲ್ಲಿ ಮನಸ್ಸಿನಲ್ಲೇ ಎಣಿಸಿಕೊಂಡ ಲೆಕ್ಕ ಅದು. ನಾಲಿಗೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲವೆಂದು ಕಾಣುತ್ತದೆ. ಅಲ್ಲ, ಮೂರು ಎನ್ನಬೇಕಿತ್ತು. ಅನ್ನಲಾಗಲಿಲ್ಲ. ಮೂರು ಎಂದರೆ ಕೂಸಿಗೆ ನಾನೇ ಇನ್ನೊಮ್ಮೆ ಮಣ್ಣು ಹಾಕಿದ ಹಾಗೆ ಎನಿಸಿತು. ಅವರು ದೊಡ್ಡದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಜನ ಅದೇನು, ಅದೇನು ಎಂದು ಕೇಳಿದರು. ಒಬ್ಬರಿಗೆ ಹಾರ್ಮೋನಿಯಂ ಎಂದೇ ಹೇಳಿಬಿಟ್ಟೆ.

ಮರುದಿನ ರವಿವಾರ. ಬೆಳಗಿನ ಹತ್ತರ ಹೊತ್ತಿಗೆ ಪಡಸಾಲೆಯಲ್ಲಿ, ಶಾಂತವ್ವ ಮಲಗುವ ಚಾಪೆಯ ಪಕ್ಕದಲ್ಲೇ ಕುಕ್ಕರ್ ಹೂಡಿದೆ. ಇದ್ದಿಲು ಹೊತ್ತಿಸಲು ನನಗೆ ಬರಲಿಲ್ಲ. ನಾನು ಊದಿದಷ್ಟೂ ಬೂದಿ ನನ್ನ ಮೇಲೆಯೇ ಬಂತು. ಶಾಂತವ್ವ ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು ಇದ್ದಿಲನ್ನು ಸಡಿಲವಾಗಿ ಕೂಡಿಸಿ ಹೊತ್ತಿಸಿದಳು. ಅಕ್ಕಿ ತೊಳೆದು ಹಾಕಿದಳು. ಮುಚ್ಚಳ ಮುಚ್ಚಿದೆವು. ಅಂಗಡಿಯವರು, ಒಂದು ತಾಸಿನ ಮೇಲಾಗುತ್ತದೆ, ನಡುವೆ ತೆಗೆದು ನೋಡಬಾರದು ಎಂದಿದ್ದರು. ಮಾಡುವುದಕ್ಕೆ ಇನ್ನೇನೂ ಇರಲಿಲ್ಲ. ಮದುವೆಯಾದ ಮೇಲೆ ನಾವಿಬ್ಬರೂ ಕೆಲಸವಿಲ್ಲದೆ ಎದುರುಬದುರು ಕೂತದ್ದು ಅದೇ ಮೊದಲು ಇರಬೇಕು. ಒಲೆಯಾದರೆ ಊದಬಹುದು, ಕಟ್ಟಿಗೆ ಸರಿಸಬಹುದು, ಕಣ್ಣೀರು ಬಂದರೆ ಹೊಗೆಯ ಮೇಲೆ ಹಾಕಬಹುದು. ಕುಕ್ಕರಿನ ಮುಂದೆ ಅಂಥ ಅನುಕೂಲವಿಲ್ಲ.

ಅವಳೇ ಮೊದಲು ಬಾಯಿ ತೆರೆದಳು.

"ಮೂರು ಮಂದಿಗೆ ಇಷ್ಟು ದೊಡ್ಡದ್ಯಾಕ ತಂದ್ರಿ?"

"ಅಂಗಡಿಯವರು ಎಷ್ಟು ಮಂದಿ ಅಂತ ಕೇಳಿದ್ರು," ಎಂದೆ. "ನಾಲ್ಕು ಅಂದ್ಬಿಟ್ಟೆ."

ಅವಳು ತಲೆ ತಗ್ಗಿಸಿದಳು. ಕುಕ್ಕರಿನೊಳಗೆ ನೀರು ಕುದಿಯುವ ಸಣ್ಣ ಸದ್ದು ಕೇಳುತ್ತಿತ್ತು. ಆಮೇಲೆ, ತಿಂಗಳುಗಟ್ಟಲೆ ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನು ಕೇಳಿದಳು.

"ಕೂಸಿನ ಮಾರಿ ನೀವು ನೋಡಿದ್ರೇನ್ರಿ?"

ಅವ್ವ ಒಳಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಬಡಿತ ನಿಂತಿತು. ಕೂಸಿನ ಮುಖದ ವಿಷಯ ಹೇಳಬಾರದೆಂದು ಎಲ್ಲರೂ ಹೇಳಿದ್ದರು. ಆದರೆ ಎದುರಿಗೆ ಕೂತು ಕೇಳುತ್ತಿದ್ದವಳು ಅದರ ತಾಯಿ.

"ನೋಡೀನಿ," ಎಂದೆ. "ಹೆಣ್ಣು. ತಲಿ ತುಂಬ ಕೂದಲು ಇದ್ದುವು. ಬಣ್ಣ ನಿಂದು."

"ಮತ್ತ?"

"ಮೂಗು ನಮ್ಮವ್ವಂದು."

ಅವಳ ತುಟಿ ಒಂದಿಷ್ಟು ಅಲುಗಿತು. "ಅತ್ತೀ ಮೂಗು ಅಂದ್ರ ಭಾಳ ಹಟಮಾರಿ ಆಗ್ತಿದ್ಲು," ಎಂದಳು. ನಗುತ್ತಾಳೇನೋ ಎಂದುಕೊಂಡೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಕೂಸು ಹೋದ ಮೇಲೆ ಅವಳು ಅತ್ತದ್ದು ಅಂದೇ. ನಾನು ಅತ್ತದ್ದೂ ಅಂದೇ. ಕುಕ್ಕರನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನೀರು ಬತ್ತಿ, ತಳದ ಬಟ್ಟಲು ಸೀದು, ಅನ್ನ ಅಂಟಿನ ಹಾಗಾಗಿತ್ತು. ಅದನ್ನೇ ಮಜ್ಜಿಗೆ ಹಾಕಿಕೊಂಡು ಉಂಡೆವು. ಶಾಂತವ್ವ ಎರಡನೆಯ ಸಲ ನೀಡಿಸಿಕೊಂಡಳು.

ಅವ್ವ ಆ ದಿನ ನಮ್ಮ ಜೊತೆ ಉಣ್ಣಲಿಲ್ಲ. ನಾನು ಅವಳ ಮಾತು ಮೀರಿದ್ದಕ್ಕೆ ಸಿಟ್ಟಾಗಿದ್ದಾಳೆ ಎಂದುಕೊಂಡೆ. ಸಂಜೆ ಹಿತ್ತಲಲ್ಲಿ ದನಕ್ಕೆ ಮೇವು ಹಾಕುತ್ತಿದ್ದವಳ ಹತ್ತಿರ ಹೋಗಿ ನಿಂತೆ. ಅವಳು ನನ್ನ ಕಡೆ ತಿರುಗಲಿಲ್ಲ.

"ನಿನಗಿಂತ ಮೊದಲ ನನಗೂ ಎರಡು ಹೋಗ್ಯಾವು," ಎಂದಳು. "ಯಾರೂ ಮಾರಿ ತೋರಸಲಿಲ್ಲ. ಹೆಣ್ಣೋ ಗಂಡೋ ಅದೂ ಹೇಳಲಿಲ್ಲ. ತೋರಸಬಾರದು ಅಂತ ನಮ್ಮತ್ತಿ ಅಂದಿದ್ಲು. ಅದನ್ನ ನಾನೂ ಅಂದೆ."

ಅಣ್ಣನೋ ಅಕ್ಕನೋ ಇದ್ದರೆಂಬುದು ಮೂವತ್ತರ ಹತ್ತಿರ ಬಂದ ನನಗೆ ತಿಳಿದದ್ದು ಆ ಸಂಜೆ. ನಾನೂ ಎರಡು ಹಿಡಿ ಮೇವು ಹಾಕಿದೆ. ಅವಳ ಕೂಸುಗಳ ಮುಖ ನೋಡಿದವರು ಈಗ ಯಾರೂ ಉಳಿದಿರಲಿಲ್ಲ. ನಮ್ಮಪ್ಪ ಸತ್ತೇ ಎಷ್ಟೋ ವರ್ಷಗಳಾಗಿದ್ದವು. ಅವಳು ಯಾರನ್ನು ಕೇಳಬೇಕು?

ಎರಡು ದಿನ ಬಿಟ್ಟು ಅವ್ವನೇ ಸೊಸೆಯನ್ನು ಕರೆದುಕೊಂಡು ಕೂಸನ್ನಿಟ್ಟ ಜಾಗಕ್ಕೆ ಹೊರಟಳು. ದಾರಿ ನನ್ನಿಂದ ಕೇಳಿಕೊಂಡಳು, ನನ್ನನ್ನು ಮಾತ್ರ ಬರಬೇಡವೆಂದಳು. ಕಪ್ಪತಗುಡ್ಡದ ದಿಕ್ಕಿಗೆ ಹೋಗುವ ಬಂಡಿದಾರಿಯಲ್ಲಿ ಇಬ್ಬರೂ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಅವ್ವನ ಕೈಯಲ್ಲಿ ಹಾಲಿನ ಗಿಂಡಿ ಇತ್ತು. ಅಲ್ಲಿ ಅವರು ಏನು ಮಾತಾಡಿದರೋ, ಯಾರಾರಿಗಾಗಿ ಅತ್ತರೋ ನನಗೆ ತಿಳಿಯದು. ನಾನು ಮನೆಯಲ್ಲಿ ಕುಕ್ಕರ್ ಹೂಡಿಕೊಂಡು ಕೂತಿದ್ದೆ, ತಡೆಯಲಾರದೆ ಮೇಲಿಂದ ಮೇಲೆ ಮುಚ್ಚಳ ತೆಗೆದು ಹಬೆಯೆಲ್ಲ ಹೊರಗೆ ಬಿಟ್ಟಿದ್ದೆ. ಅನ್ನ ಕಾಳುಕಾಳಾಗಿ ಉಳಿದಿತ್ತು. ಬಿಸಿಲಲ್ಲಿ ನಡೆದು ಬಂದ ಇಬ್ಬರೂ ಅದನ್ನೇ ಉಂಡರು. ಉಂಡು ಕೈ ತೊಳೆದ ಮೇಲೆ ಅವ್ವ, ಈ ಮಿಷನ್ನಿಗೆ ಕೊಟ್ಟ ರೊಕ್ಕದಲ್ಲಿ ಒಂದು ಒಳ್ಳೆಯ ಆಕಳ ಕರು ಬರುತ್ತಿತ್ತು ಎಂದಳು. ಶಾಂತವ್ವ, ಹೌದ್ರಿ ಅತ್ತಿ ಎಂದಳು. ಮನೆಯಲ್ಲಿ ನನ್ನ ವಿರುದ್ಧ ಹೀಗೆ ಒಂದು ಪಕ್ಷ ಕಟ್ಟಿದ್ದನ್ನು ನೋಡಿ ನನಗೆ ಎಷ್ಟೋ ನಿರಾಳವಾಯಿತು.

ಮುಂದೆ ಎಲ್ಲವೂ ಒಳ್ಳೆಯದಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಮಗೆ ಮತ್ತೆ ಮಕ್ಕಳಾಗಲಿಲ್ಲ. ಶಾಂತವ್ವನ ಕೆಮ್ಮು ಹೋಯಿತು. ಆದರೆ ಬೇರೆಯವರ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆ ಬಂದು ಅವಳು ಹೋಗಿಬಂದ ದಿನ ಮನೆಯಲ್ಲಿ ದೀಪ ಹಚ್ಚಿದರೂ ಬೆಳಕಾಗುತ್ತಿರಲಿಲ್ಲ. ಅವ್ವ ತೀರಿಹೋದಳು. ನಾಡು ಒಂದಾದ ವರ್ಷ ನನಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಊರಿನವರೆಲ್ಲ ಸಕ್ಕರೆ ಹಂಚುತ್ತಿದ್ದ ಹೊತ್ತಿನಲ್ಲಿ ನಾವಿಬ್ಬರು ಬಂಡಿಯಿಂದ ಸಾಮಾನು ಇಳಿಸಿಕೊಳ್ಳುತ್ತಿದ್ದೆವು.

ಅಲ್ಲಿಯ ಶಾಲೆಗೆ ಹೊಸದಾಗಿ ಬಂದ ಒಬ್ಬ ಮಾಸ್ತರರು, ಮದುವೆಯಾಗಿ ವರ್ಷವೂ ಆಗಿರಲಿಲ್ಲ, ನಮ್ಮ ಮನೆಯಲ್ಲಿ ಕುಕ್ಕರ್ ನೋಡಿ ಕಣ್ಣು ಹಾಕಿದರು. ತಾನೂ ಒಂದು ಕೊಳ್ಳಬೇಕೆಂದಿದ್ದೇನೆ, ಇಷ್ಟು ದುಡ್ಡು ಹಾಕುವುದು ಲಾಭವೇ, ಗಂಟೆಗಟ್ಟಲೆ ಕಾಯಬೇಕಂತಲ್ಲ, ಬೇಗ ಬೇಯುವಂಥದ್ದು ಯಾವುದಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ಕುಕ್ಕರಿನ ವಿಷಯದಲ್ಲಿ ಒಂದು ಕಾಲಕ್ಕೆ ನಾನು ಪಂಡಿತ. ಹಿತ್ತಾಳೆ, ತಗಡು, ಕಲಾಯಿ ಎಂದು ಶುರು ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದ ಶಾಂತವ್ವ ಮೊರದಿಂದ ತಲೆಯೆತ್ತದೆಯೇ ಹೇಳಿದಳು.

"ತಗೋರಿ ಮಾಸ್ತರ. ಅನ್ನ ಅಷ್ಟೇನು ಚಲೋ ಆಗೂದಿಲ್ಲ. ಆದ್ರ ಅದು ಬೇಯೂತನಕ ಇಬ್ಬರೂ ಕುಂಡ್ರಬೇಕಾಗ್ತೈತಿ."